ಮೂಗಿನೊಳಗೆ ಕಡಲೆ ಬಿತ್ತನೆ

ಅತ್ತೆ ಕಡಲೆಕಾಳು ನೆನೆಹಾಕಿ, ಬಟ್ಟೆ ಕಟ್ಟಿ ಮೊಳಕೆ ಬರಿಸುವುದನ್ನು ಮೂರು ವರ್ಷದ ಮಗ ಎರಡು ದಿನದಿಂದ ನೋಡ್ತಾನೇ ಇದ್ದ. ಶನಿವಾರ ಬೆಳಗ್ಗೆ ಬಂದು, "ಅಮ್ಮಾ, ನಂದೂ ಮೊಳಕೆ ಬರತ್ತೆ" ಅಂದ. ಎಲ್ಲೋ ಅಂದ್ರೆ ಮೂಗು ತೋರಿಸಿದ. ಎಡ ಹೊಳ್ಳೆಯೊಳಗಿಂದ ಕಂದು ಕಾಳೊಂದು ನನ್ನನ್ನೇ ನೋಡುತ್ತಿತ್ತು.

ಅತ್ತೆ ಹೇರ್‌ಪಿನ್ ತಂದರು. ನಮ್ಮ ಯಜಮಾನರು "ನೀರು ಬಿಡೋಣ" ಅಂದರು. ಎರಡೂ ತಪ್ಪು. ಪಿನ್ ಕಾಳನ್ನು ಇನ್ನೂ ಒಳಕ್ಕೆ ತಳ್ಳುತ್ತೆ, ನೀರು ತಾಗಿದರೆ ಅದು ಅಲ್ಲೇ ಉಬ್ಬುತ್ತೆ. ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿಕೊಟ್ಟ ಉಪಾಯದ ಹೆಸರೇ 'ಅಮ್ಮನ ಮುತ್ತು'.

ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು, "ದೊಡ್ಡ ಮುತ್ತು ಕೊಡ್ತೀನಿ, ಆ ಮಾಡು" ಅಂದೆ. ಬಲ ಹೊಳ್ಳೆಯನ್ನು ಬೆರಳಿಂದ ಒತ್ತಿ ಮುಚ್ಚಿ, ಅವನ ಬಾಯಿಗೆ ಬಾಯಿ ಹಚ್ಚಿ, ಸಂದಿಲ್ಲದಂತೆ ಫೂ ಅಂತ ಒಮ್ಮೆ ಊದಿದೆ. ಮೊದಲ ಸಲ ಬರೀ ಕಿಲಕಿಲ. ಎರಡನೇ ಸಲ ಸಿಂಬಳ ಸಮೇತ ಕಾಳು ನನ್ನ ಕೆನ್ನೆಗೆ!

ಪ್ರತಿ ಸಲ ಫಲಿಸುತ್ತೆ ಅಂತಿಲ್ಲ, ನೂರಕ್ಕೆ ಸುಮಾರು 60 ಅಷ್ಟೇ. ಬರದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಲೇಬೇಕು. ಒಳಗಿರುವುದು ಬಟನ್ ಬ್ಯಾಟರಿಯಾದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಅದು ಕೆಲವೇ ಗಂಟೆಗಳಲ್ಲಿ ಮೂಗನ್ನು ಒಳಗಿಂದ ಸುಡುತ್ತೆ.

ಆಮೇಲೆ ಮಗ ಜೋರಾಗಿ ಅತ್ತ. ನೋವಿಗಲ್ಲ, "ನನ್ನ ಗಿಡ ಕೊಡು" ಅಂತ. ಬಟ್ಟಲಲ್ಲಿ ಒದ್ದೆ ಹತ್ತಿ ಇಟ್ಟು ಅದೇ ಕಾಳನ್ನು ಹಾಕಿ ಕೊಟ್ಟೆ. ಕಡಲೆ ಡಬ್ಬ ಈಗ ಫ್ರಿಜ್ ಮೇಲಿದೆ.