ಬ್ಯಾಂಕ್ ಅಧಿಕಾರಿಯಾಗಿ ಚರ್ಚಿನ ಲೆಕ್ಕ ನೋಡಿಕೊಂಡದ್ದು: ನನ್ನ ಅನುಭವ

ಬ್ಯಾಂಕಿನಲ್ಲಿ ಹಿರಿಯ ಅಧಿಕಾರಿಯಾಗಿದ್ದೆನೆಂಬ ಕಾರಣಕ್ಕೇ ನನ್ನನ್ನು ಚರ್ಚಿನ ಖಜಾಂಚಿಯನ್ನಾಗಿ ಆರಿಸಿದರು. ಲೆಕ್ಕ ಬರೆಯುವುದು ಕಷ್ಟವಾಗಲಿಲ್ಲ. ಪರಸ್ಪರ ನಂಬಿಕೆಯಿಂದಲೇ ನಡೆದುಬಂದ ಸಭೆಯಲ್ಲಿ, ಅಂದರೆ ಚರ್ಚಿನ ಭಕ್ತರ ಸಮುದಾಯದಲ್ಲಿ, ಯಾರ ಮನಸ್ಸೂ ನೋಯದಂತೆ ತಪಾಸಣೆಯ ಕ್ರಮವೊಂದನ್ನು ತರುವುದು ಕಷ್ಟವಾಯಿತು.

ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಅನುಮೋದಿಸುತ್ತಾರೆ, ತಿಜೋರಿಯ ಬೀಗದ ಕೈಗಳು ಇಬ್ಬರ ಬಳಿ ಇರುತ್ತವೆ. ಇದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ. ಆದರೆ ಆರಾಧನೆಯ ನಂತರ ಕಾಣಿಕೆಯನ್ನು ಬಂಧುಗಳಲ್ಲದ ಇಬ್ಬರು ಒಟ್ಟಿಗೆ ಎಣಿಸಬೇಕೆಂದು ನಾನು ಸೂಚಿಸಿದಾಗ, ಬಹುಕಾಲದಿಂದ ಒಬ್ಬರೇ ಎಣಿಸುತ್ತಿದ್ದ ಹಿರಿಯರು, "ನನ್ನ ಮೇಲೆ ಅನುಮಾನವೇ ಸಾರ್?" ಎಂದು ನೇರವಾಗಿಯೇ ಕೇಳಿದರು. ಬ್ಯಾಂಕಿನ ಸುತ್ತೋಲೆಗಳ ಮಾತು ಅಲ್ಲಿ ನಡೆಯುವಂತಿರಲಿಲ್ಲ. ಬೈಬಲಿನಲ್ಲಿ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯವನ್ನು ತೆರೆದು ತೋರಿಸಿದೆ. ಕೂಡಿಸಿದ ಧರ್ಮದ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಿರಲೆಂದು ಪೌಲನು ತನ್ನ ಜೊತೆಗೆಲಸದವನಾದ ತೀತನ ಜೊತೆಗೆ, ಸಭೆಗಳೇ ಆರಿಸಿದ ಸಹೋದರನೊಬ್ಬನನ್ನೂ ಕಳುಹಿಸುತ್ತಾನೆ. ಹಿರಿಯರು ಒಪ್ಪಿದರು, ಪೂರ್ಣ ಮನಸ್ಸಿನಿಂದಲ್ಲ ಎಂದು ಈಗಲೂ ನನಗನ್ನಿಸುತ್ತದೆ.

ಎಣಿಕೆಯ ಚೀಟಿಯಲ್ಲಿ ನೋಟುಗಳನ್ನು ಮುಖಬೆಲೆಯ ಪ್ರಕಾರ ಬರೆದು ಇಬ್ಬರೂ ಸಹಿ ಹಾಕುತ್ತಾರೆ, ಆ ಮೊತ್ತವೇ ಇಡಿಯಾಗಿ ಖಾತೆಗೆ ಜಮೆಯಾಗುತ್ತದೆ. ಕೈಖರ್ಚಿಗೆಂದು ಕಾಣಿಕೆಯ ತಟ್ಟೆಯಿಂದಲೇ ತೆಗೆಯುವ ರೂಢಿಯನ್ನು ನಿಲ್ಲಿಸಿದೆವು. ತಿಂಗಳ ಸ್ಟೇಟ್‌ಮೆಂಟನ್ನು ನಗದು ಪುಸ್ತಕದೊಂದಿಗೆ ತಾಳೆ ನೋಡುವವರು ಚೆಕ್ಕಿಗೆ ಸಹಿ ಹಾಕುವವರಾಗಿರಬಾರದು ಎಂಬುದನ್ನು ಸಮಿತಿ ಬೇಗ ಒಪ್ಪಿತು. ಕಟ್ಟಡಕ್ಕೆಂದು ಕೊಟ್ಟ ಹಣವನ್ನು ಸಂಬಳಕ್ಕೆ "ಸದ್ಯಕ್ಕೆ" ತಿರುಗಿಸುವ ಪ್ರಸ್ತಾಪ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ದಾನಿಯ ಉದ್ದೇಶಕ್ಕೆ ಕಟ್ಟುಬಿದ್ದ ಹಣ ನಮ್ಮ ಉಳಿತಾಯವಲ್ಲವೆಂದು ಪ್ರತಿ ಸಲವೂ ವಿವರಿಸಬೇಕಾಯಿತು.

ಹೆಚ್ಚು ಸೂಕ್ಷ್ಮವಾದ ಸಂಗತಿ ಬೇರೆಯೇ ಇತ್ತು. ಸಭೆಯ ಸದಸ್ಯರಲ್ಲಿ ಕೆಲವರು ನಮ್ಮ ಬ್ಯಾಂಕಿನ ಗ್ರಾಹಕರೂ ಆಗಿದ್ದರು. ಅವರ ಸಾಲದ ಅರ್ಜಿ ನನ್ನ ಮುಂದೆ ಬಂದರೆ ಸಂಬಂಧವನ್ನು ಲಿಖಿತವಾಗಿ ತಿಳಿಸಿ ಕಡತವನ್ನು ಇನ್ನೊಬ್ಬ ಅಧಿಕಾರಿಗೆ ಒಪ್ಪಿಸುತ್ತಿದ್ದೆ. ಕೆಲವರಿಗೆ ಇದು ಕೈಬಿಟ್ಟಂತೆ ಕಂಡಿತು. ಒಬ್ಬರ ಖಾತೆಯಲ್ಲಿ ಎಷ್ಟಿದೆ, ಅವರು ಎಷ್ಟು ಕಾಣಿಕೆ ಕೊಡುತ್ತಾರೆ ಎಂಬ ಎರಡೂ ಒಬ್ಬನಿಗೇ ತಿಳಿದರೆ, ಅವನು ಬಾಯಿ ಬಿಡದಿದ್ದರೂ ನೋಟ ಬದಲಾಗುತ್ತದೆ. ಆದ್ದರಿಂದ ಕಾಣಿಕೆಯ ಲಕೋಟೆಗಳ ಮೇಲೆ ಹೆಸರಿನ ಬದಲು ಸಂಖ್ಯೆ ಇರುವಂತೆ ಮಾಡಿದೆವು. ಸಂಖ್ಯೆ ಯಾರದೆಂಬ ಪಟ್ಟಿ ಕಾರ್ಯದರ್ಶಿಯ ಬಳಿ ಇರುತ್ತಿತ್ತು, ನನಗೆ ಮೊತ್ತವಷ್ಟೇ ಬರುತ್ತಿತ್ತು.