ಮಳೆಯ ನಾಡಿನಲ್ಲಿ ಪ್ಲಾಸ್ಟಿಕ್ಕಿಗೆ ಸ್ಪ್ರೇ ಡೈ ಹಿಡಿಸುವ ಬಗೆ

ಮಾಮೂಲಿ ಸ್ಪ್ರೇ ಪೇಂಟ್ ಪ್ಲಾಸ್ಟಿಕ್ಕಿನ ಮೇಲೆ ಪದರವಾಗಿ ಕೂರುತ್ತದೆ, ಉಗುರು ತಾಗಿದಲ್ಲಿ ಸಿಪ್ಪೆಯಂತೆ ಏಳುತ್ತದೆ; ಡಬ್ಬಿಯಿಂದ ಸಿಂಪಡಿಸುವ ಸ್ಪ್ರೇ ಡೈಯಲ್ಲಿರುವ ದ್ರಾವಕವಾದರೋ ಮೇಲ್ಮೈಯನ್ನು ತುಸು ಮೆದುಗೊಳಿಸಿ ಬಣ್ಣವನ್ನು ಒಳಕ್ಕೆ ಹಿಡಿಸುವುದರಿಂದ, ಹಳೆಯ ರೇಡಿಯೊ ಪೆಟ್ಟಿಗೆಯ ಮೇಲ್ಮೈಯ ಸಣ್ಣ ತರಿಯೂ ಅಳಿಯದೆ ಉಳಿಯುತ್ತದೆ.

ಕೊಡಗಿನಲ್ಲಿ ಮೊದಲು ನೋಡಬೇಕಾದದ್ದು ಹವೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಅದರ ಮೇಲೆ ಕೂತು, ಕಪ್ಪು ಬಣ್ಣವೂ ಹಾಲು ಚೆಲ್ಲಿದಂತೆ ಮಬ್ಬಾಗುತ್ತದೆ. ಮಡಿಕೇರಿಯ ನಮ್ಮ ಮನೆಯಲ್ಲಿ ಆಗಸ್ಟ್ ತಿಂಗಳಲ್ಲಿ ಆತುರಪಟ್ಟು ಒಂದು ಆಟಿಕೆ ಜೀಪನ್ನು ನಾನು ಹೀಗೆಯೇ ಕೆಡಿಸಿದೆ. ಕಣದಲ್ಲಿ ಕಾಫಿ ಒಣಗುವ ಜನವರಿ, ಫೆಬ್ರವರಿಯೇ ಇದಕ್ಕೆ ತಕ್ಕ ಕಾಲ. ಅದೂ ಇಬ್ಬನಿ ಆರಿದ ಮೇಲೆ, ಗಾಳಿಯಾಡುವ ನೆರಳಿನಲ್ಲಿ, ಬಚ್ಚಲೊಲೆಯಿಂದ ದೂರದಲ್ಲಿ.

ವಸ್ತುವನ್ನು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ನಂತರ ಬರಿಗೈಯಲ್ಲಿ ಮುಟ್ಟಬಾರದು. ಡಬ್ಬಿಯನ್ನು ಚೆನ್ನಾಗಿ ಕುಲುಕಿ, 20ರಿಂದ 25 ಸೆಂ.ಮೀ. ದೂರದಿಂದ, ಅಂಚಿನ ಆಚೆ ಶುರುಮಾಡಿ ಇನ್ನೊಂದು ಅಂಚಿನ ಆಚೆ ನಿಲ್ಲಿಸುತ್ತಾ, ಮಂಜಿನಷ್ಟು ತೆಳುವಾಗಿ ಸಿಂಪಡಿಸಬೇಕು. ಮೊದಲ ಸಲ ಹಳೆಯ ಬಣ್ಣ ಕಾಣುತ್ತಲೇ ಇರಲಿ. 10 ನಿಮಿಷ ಬಿಟ್ಟು ಬಿಟ್ಟು ಮೂರು ನಾಲ್ಕು ಸಲ ಹಾಕಿದರೆ ತಾನಾಗಿ ತುಂಬಿಕೊಳ್ಳುತ್ತದೆ.

ಪ್ಲಾಸ್ಟಿಕ್ಕಿನ ಬಗೆಗಳಲ್ಲಿ ಎಬಿಎಸ್ (ಆಟಿಕೆ, ಉಪಕರಣಗಳ ಗಟ್ಟಿ ಪ್ಲಾಸ್ಟಿಕ್), ಪಿವಿಸಿ (ಪೈಪಿನ ಪ್ಲಾಸ್ಟಿಕ್) ಬಣ್ಣವನ್ನು ಚೆನ್ನಾಗಿ ಹಿಡಿಯುತ್ತವೆ. ಊಟದ ಡಬ್ಬಿಗಳಲ್ಲಿ ಬಳಸುವ ಪಾಲಿಪ್ರೊಪಿಲೀನ್ ಸುಲಭಕ್ಕೆ ಹಿಡಿಯದು. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಜೋಡಿಸುವ ಆಟಿಕೆ ಮಾದರಿಗಳು (ಮಾಡೆಲ್ ಕಿಟ್) ಕರಗುವ ಭಯವಿರುವುದರಿಂದ ಕಾಣದ ಒಳಬದಿಯಲ್ಲಿ ಮೊದಲು ಪರೀಕ್ಷಿಸಿ ನೋಡಿ.