ಕೂತರೆ ಬರುತ್ತಿದ್ದ ಸೊಂಟನೋವು ಸರಿಹೋದದ್ದು ಹೀಗೆ

ಕೂತು ಅರ್ಧ ಗಂಟೆಯಾದರೆ ಸೊಂಟದ ಬಲಭಾಗ ಹಿಡಿದುಕೊಳ್ಳುತ್ತಿತ್ತು, ನೋವು ತೊಡೆಯ ಹಿಂಭಾಗಕ್ಕೆ ಇಳಿಯುತ್ತಿತ್ತು. ನಡೆದಾಡಿದರೆ ಕಡಿಮೆ. ಎಂಟು ತಿಂಗಳು ಹೀಗೇ.

ಮುಲಾಮು, ಸೊಂಟದ ಬೆಲ್ಟ್, ಹೊಸ ಗಟ್ಟಿ ಹಾಸಿಗೆ ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ವಾರವಿಡೀ ಮಲಗಿ ವಿಶ್ರಾಂತಿ ತೆಗೆದುಕೊಂಡಾಗ ಬೆನ್ನು ಇನ್ನಷ್ಟು ಬಿಗಿಯಿತು, ಅದನ್ನಂತೂ ಮಾಡಬೇಡಿ.

ಮುಖ್ಯ ಕಾರಣ ಪ್ಯಾಂಟಿನ ಹಿಂದಿನ ಬಲಜೇಬಿನ ದಪ್ಪ ಪರ್ಸ್. ಅದರ ಮೇಲೆ ಕೂತರೆ ಸೊಂಟ ಓರೆಯಾಗುತ್ತದೆ, ಅದನ್ನು ಸರಿದೂಗಿಸಲು ಬೆನ್ನುಮೂಳೆ ಬಾಗುತ್ತದೆ, ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರದ ಮೇಲೂ ಒತ್ತಡ ಬೀಳಬಹುದು.

ಮೊದಲು ಪರ್ಸನ್ನು ಮುಂದಿನ ಜೇಬಿಗೆ ಹಾಕಿದೆ, ಸ್ಕೂಟರ್ ಓಡಿಸುವಾಗಲೂ. ಆಮೇಲೆ ಕುರ್ಚಿ: ಪಾದ ಪೂರ್ತಿ ನೆಲಕ್ಕೆ ತಾಗಿ ಮಂಡಿ ಸುಮಾರು 90 ಡಿಗ್ರಿ ಇರುವಷ್ಟು ಎತ್ತರ. ಲ್ಯಾಪ್‌ಟಾಪ್ ಅಡಿಗೆ ಪುಸ್ತಕಗಳನ್ನಿಟ್ಟು ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತಂದೆ, ಟೈಪಿಂಗಿಗೆ ಬೇರೆ ಕೀಬೋರ್ಡ್. ಕೊನೆಗೆ ಮೊಬೈಲಿನಲ್ಲಿ 30 ನಿಮಿಷಕ್ಕೊಂದು ಅಲಾರಂ. ಹೊಡೆದ ತಕ್ಷಣ ಎದ್ದು 2 ನಿಮಿಷ ನಡಿಗೆ. ಅಲಾರಂ ಆಫ್ ಮಾಡಿ ಕೂತ ದಿನ ಸಂಜೆಗೆ ನೋವು ಮರಳುತ್ತಿತ್ತು, ಹಾಗಾಗಿ ಪರ್ಸ್ ತೆಗೆದರಷ್ಟೇ ಸಾಲದು. ಮೂರನೇ ವಾರಕ್ಕೆ ತೊಡೆಯ ನೋವು ಹೋಯಿತು, ಆರನೇ ವಾರಕ್ಕೆ ಸೊಂಟದ್ದೂ.

ಕಾಲಿನ ಬಲ ಕುಂದಿದರೆ, ತೊಡೆಸಂದಿನಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಇದನ್ನೆಲ್ಲ ಮಾಡುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.